ಕೆರೆ ತುಂಬಿಸುವ ಲೆಕ್ಕಕ್ಕೆ ಬಹುಜಾಲದ ಗಣಿತ

2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ದೊರೆಯಿತು. ಘಟ್ಟದ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಕಾಲುವೆಯ ಹಾದಿಯಲ್ಲಿ ಅರಸೀಕೆರೆ ಸೀಮೆಯೂ ಇದೆ. ತೆಂಗನ್ನು ನಂಬಿ, ಮಳೆ ಕೈಕೊಟ್ಟಾಗ ಕೊಳವೆಬಾವಿಗೆ ಮೊರೆಹೋಗುವ ನೆಲವಿದು. ಯಾವ ಕೆರೆಗೆ ಎಷ್ಟು ನೀರು ತುಂಬಿಸಿದರೆ ಸುತ್ತಲ ಅಂತರ್ಜಲ ಹೆಚ್ಚು ಚೇತರಿಸಿಕೊಂಡೀತು ಎಂಬ ಪ್ರಶ್ನೆಯನ್ನು ಇಲ್ಲಿ ಬರಿಯ ಅಂದಾಜಿಗೆ ಬಿಡಬಾರದು. ಅದಕ್ಕೆ ಉತ್ತರ ಹುಡುಕಬಲ್ಲ ಬಹುಜಾಲ ಅಥವಾ ಮಲ್ಟಿಗ್ರಿಡ್ ಗಣಿತ ಅರುವತ್ತು ವರ್ಷಗಳಿಂದ ಹದಗೊಳ್ಳುತ್ತಾ ಬಂದಿದೆ.

ನೆಲದೊಳಗಿನ ನೀರಿನ ಹರಿವಿಗೆ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲೇ ನಿಯಮ ಕಂಡುಕೊಟ್ಟ. ಅದರಿಂದ ಹುಟ್ಟುವ ಅವಕಲ ಸಮೀಕರಣವನ್ನು ಬಿಡಿಸಲು ಕಂಪ್ಯೂಟರ್ ಪ್ರದೇಶವನ್ನು ಚೌಕಗಳಾಗಿ ಕತ್ತರಿಸುತ್ತದೆ. ಸಾವಿರ ಚದರ ಕಿಲೋಮೀಟರನ್ನು ನೂರು ಮೀಟರಿನ ಚೌಕಗಳಾಗಿಸಿದರೆ 1 ಲಕ್ಷ ಸಮೀಕರಣ. ಹಳೆಯ ವಿಧಾನದಲ್ಲಿ ಪ್ರತಿ ಚೌಕವೂ ನೆರೆಯ ಚೌಕಗಳನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ. ಅಕ್ಕಪಕ್ಕದ ತಪ್ಪು ಬೇಗ ಅಳಿಯುತ್ತದೆ. ಹತ್ತಾರು ಕಿಲೋಮೀಟರ್ ಹರಡಿದ ತಪ್ಪು ಸಾವಿರ ಸುತ್ತು ಕಳೆದರೂ ಉಳಿಯುತ್ತದೆ. ಉಳಿದ ತಪ್ಪನ್ನು ದೊಡ್ಡ ಚೌಕಗಳ ಜಾಲಕ್ಕೆ ಒಯ್ದು ತಿದ್ದಬಹುದೆಂದು ಸೋವಿಯತ್ ಗಣಿತಜ್ಞ ಫೆಡೊರೆಂಕೊ 1961ರಲ್ಲಿ ತೋರಿಸಿದರು. ಅಲ್ಲಿ ದೂರದ್ದೇ ಹತ್ತಿರವಾಗುತ್ತದೆ. 1970ರ ದಶಕದಲ್ಲಿ ಇಸ್ರೇಲಿನ ಆಕಿ ಬ್ರಾಂಟ್ ಇದನ್ನು ನಿಜವಾದ ವೇಗದ ಸಾಧನವಾಗಿಸಿದರು: ಚೌಕಗಳು ಎರಡರಷ್ಟಾದರೆ ಕೆಲಸವೂ ಸುಮಾರು ಎರಡರಷ್ಟೇ.

ಆದರೆ ಒಮ್ಮೆ ಬಿಡಿಸಿದರೆ ಸಿಗುವುದು ಮುನ್ಸೂಚನೆ. ತೀರ್ಮಾನಕ್ಕೆ ಮತ್ತೆ ಮತ್ತೆ ಬಿಡಿಸಬೇಕು. ಕೆರೆಗಳಿಗೆ ನೀರಿನ ಹಂಚಿಕೆ ಬದಲಾದಾಗಲೆಲ್ಲ ಇಡೀ ಲೆಕ್ಕ ಹೊಸದು. ಇಂಥ ನಿಯಂತ್ರಣದ ಸಮಸ್ಯೆಗಳಿಗೆ ಜರ್ಮನಿಯ ಹಾಕ್‌ಬುಶ್ 1980ರಲ್ಲಿ ಬಹುಜಾಲವನ್ನು ಅನ್ವಯಿಸಿದರು. 2000ದಲ್ಲಿ ಅಮೆರಿಕದ ಸ್ಟೀಫನ್ ನ್ಯಾಶ್ ಆಯ್ಕೆಯ ಹುಡುಕಾಟವನ್ನೇ ಒರಟು ಜಾಲಕ್ಕೆ ಇಳಿಸಿದರು: ಅಗ್ಗದ ಮಾದರಿ ದಿಕ್ಕು ತೋರಿಸುತ್ತದೆ, ಸೂಕ್ಷ್ಮ ಮಾದರಿ ಅದನ್ನು ಪರೀಕ್ಷಿಸುತ್ತದೆ. ಈ ಪರಿಣತಿ ನಮಗೆ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದಯ ಬೊಂಡುಗುಲ ಅವರ ತಂಡ, ತಾನು ರೂಪಿಸಿದ ಪಾಲಿಮೇಜ್ ಭಾಷೆಯ ಮೂಲಕ ಬಹುಜಾಲದ ಲೆಕ್ಕವನ್ನು ಚುರುಕುಗೊಳಿಸುವ ಬಗೆಯನ್ನು 2017ರಲ್ಲಿ ಪ್ರಕಟಿಸಿತು.

ಅರಸೀಕೆರೆಯ ತಳ ಗಟ್ಟಿಬಂಡೆ, ನೀರು ಹರಿಯುವುದು ಬಿರುಕುಗಳಲ್ಲಿ, ದೊಡ್ಡ ಚೌಕದ ಸರಾಸರಿಯಲ್ಲಿ ಬಿರುಕು ಮಾಯವಾಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಇಂಥ ತೊಡಕಿಗೆ ಉತ್ತರವಾಗಿಯೇ 1980ರ ದಶಕದಲ್ಲಿ ಬೀಜಗಣಿತೀಯ ಬಹುಜಾಲ ಬೆಳೆಯಿತು. ಅದು ನಕ್ಷೆಯನ್ನು ಬಿಟ್ಟು, ಸಮೀಕರಣಗಳ ನಡುವಿನ ನಂಟಿನ ಬಲ ನೋಡಿ ಜಾಲ ಕಟ್ಟುತ್ತದೆ. ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯ ಅಂತರ್ಜಲ ತಂತ್ರಾಂಶ ಮಾಡ್‌ಫ್ಲೋಗೆ ಅದು 2001ರಲ್ಲೇ ಸೇರಿತು. ನೆಲದಡಿಯ ಮಾಹಿತಿಯೇ ಕಡಿಮೆ ಎನ್ನುವವರೂ ಇದ್ದಾರೆ. ಬಾವಿಗಳ ಮಟ್ಟದಿಂದ ಬಂಡೆಯ ಗುಣ ಊಹಿಸುವುದೂ ನೂರಾರು ಬಾರಿ ಬಿಡಿಸಬೇಕಾದ ಇಂಥದೇ ಲೆಕ್ಕ. ಮಾಹಿತಿ ಕಡಿಮೆಯಿದ್ದಷ್ಟೂ ವೇಗದ ವಿಧಾನ ಹೆಚ್ಚು ಬೇಕು. ಇನ್ನು ಕುಡಿಯುವ ನೀರು ಮೊದಲೋ, ತೋಟ ಮೊದಲೋ, ಕೊನೆಯ ಊರಿನ ಕೆರೆ ಮೊದಲೋ ಎಂಬುದನ್ನು ಗಣಿತ ಹೇಳಲಾರದು, ಹೇಳಲೂಬಾರದು. ಅದು ಗ್ರಾಮಸಭೆಯ ಹಕ್ಕು. ಆದರೆ ಪ್ರತಿಯೊಂದು ಆಯ್ಕೆಯ ಫಲವನ್ನೂ ಲೆಕ್ಕಹಾಕಿ ಸಭೆಯ ಮುಂದಿಡುವುದು ಇಂದು ಸಾಧ್ಯ. ಹಾಗೆ ಇಟ್ಟ ಮೇಲೆಯೇ ನೀರಿನ ಪಾಲು ನಿಗದಿಯಾಗಬೇಕು.