ಆರಂಭಿಕ ಹಾಟ್ ರಾಡ್

ಹಳೆಯ, ಅಗ್ಗದ ಕಾರೊಂದನ್ನು ಹಗುರಗೊಳಿಸಿ, ಅದರ ಎಂಜಿನ್ನಿನ ಬಲವನ್ನು ಹೆಚ್ಚಿಸಿ, ವೇಗದ ಓಟಕ್ಕೆ ತಕ್ಕಂತೆ ಮಾರ್ಪಡಿಸಿದ ವಾಹನವನ್ನು ಹಾಟ್ ರಾಡ್ ಎಂದು ಕರೆಯಲಾಗುತ್ತದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಲ್ಲಿ ಬೆಳೆದ ಈ ಹವ್ಯಾಸವು ಎರಡನೆಯ ಮಹಾಯುದ್ಧದ ಬಳಿಕ ಆ ದೇಶದಾದ್ಯಂತ ಹರಡಿತು. ಹಾಟ್ ರಾಡ್ ಎಂಬ ಹೆಸರು ರೂಢಿಗೆ ಬಂದುದು 1940ರ ದಶಕದ ಮಧ್ಯಭಾಗದಲ್ಲಿ; ಅದಕ್ಕೆ ಮೊದಲು ಇಂತಹ ಕಾರುಗಳಿಗೆ ಗೌ ಜಾಬ್ ಮುಂತಾದ ಹೆಸರುಗಳಿದ್ದವು. ಮಡ್‌ಗಾರ್ಡ್ ಇಲ್ಲದ ಚಕ್ರಗಳು, ತಗ್ಗಿದ ಮೂತಿ, ಎತ್ತರದ ಹಿಂಗಾಲಿಗಳು, ಕುಳ್ಳಾದ ಮುಂಗಾಜು ಇವುಗಳ ಗುರುತುಗಳು. ಇಂದು ಅಲಂಕಾರವೆಂಬಂತೆ ಕಾಣುವ ಈ ಲಕ್ಷಣಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಗತ್ಯದಿಂದ.

ಒಣಸರೋವರಗಳ ಓಟ

ಲಾಸ್ ಏಂಜಲೀಸ್ ನಗರದ ಉತ್ತರಕ್ಕಿರುವ ಮೊಹಾವೆ ಮರುಭೂಮಿಯಲ್ಲಿ ಮ್ಯುರಾಕ್, ರೋಸಮಂಡ್, ಹಾರ್ಪರ್, ಎಲ್ ಮಿರಾಜ್ ಎಂಬ ಒಣಗಿದ ಸರೋವರಗಳಿವೆ. ಅವುಗಳ ತಳವು ಮೈಲುಗಟ್ಟಲೆ ಸಮತಟ್ಟಾದ ಗಟ್ಟಿ ಜೇಡಿಮಣ್ಣು. ಆರಂಭದ ದಿನಗಳಲ್ಲಿ ಹಲವು ಕಾರುಗಳು ಸಾಲಾಗಿ ಒಮ್ಮೆಲೇ ಓಡುತ್ತಿದ್ದವು. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ದಾರಿಯೇ ಕಾಣುತ್ತಿರಲಿಲ್ಲ, ಅಪಘಾತಗಳು ಅನಿವಾರ್ಯವಾಗಿದ್ದವು. ಈ ಅವ್ಯವಸ್ಥೆಯನ್ನು ಹತೋಟಿಗೆ ತರಲು ಸ್ಥಳೀಯ ಕ್ಲಬ್ಬುಗಳು ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದವು. ಒಂದೊಂದೇ ಕಾರನ್ನು ಓಡಿಸಿ ಕಾಲವನ್ನು ಅಳೆಯುವ ಪದ್ಧತಿ ಕ್ರಮೇಣ ನೆಲೆಗೊಂಡಿತು. ಮ್ಯುರಾಕ್ ಮುಂದೆ ಸೇನೆಯ ವಶವಾಗಿ ಇಂದಿನ ಎಡ್ವರ್ಡ್ಸ್ ವಾಯುನೆಲೆಯ ಭಾಗವಾಯಿತು. 1949ರಿಂದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪುಬಯಲಿನಲ್ಲಿಯೂ ಓಟಗಳು ನಡೆದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಓಟದಲ್ಲಿ ತಿರುವುಗಳಿಲ್ಲ, ಥಟ್ಟನೆ ನಿಲ್ಲುವ ಪ್ರಮೇಯವೂ ಇಲ್ಲ. ನೇರ ದಾರಿಯಲ್ಲಿ ಗರಿಷ್ಠ ವೇಗವನ್ನು ಮುಟ್ಟುವುದಷ್ಟೇ ಗುರಿ. ಹಾಟ್ ರಾಡ್‌ನ ರೂಪವು ಬಹುಮಟ್ಟಿಗೆ ಈ ಒಂದು ಗುರಿಯ ಫಲ.

ಆಧಾರ ವಾಹನಗಳು

1908ರಿಂದ 1927ರವರೆಗೆ ಫೋರ್ಡ್ ಕಂಪನಿ 1.5 ಕೋಟಿಗೂ ಹೆಚ್ಚು ಮಾಡೆಲ್ ಟಿ ಕಾರುಗಳನ್ನು ತಯಾರಿಸಿತು. 1928–31ರ ಮಾಡೆಲ್ ಎ ಕಾರುಗಳೂ ಗುಜರಿಗಳಲ್ಲಿ ಕೆಲವೇ ಡಾಲರುಗಳಿಗೆ ಸಿಗುತ್ತಿದ್ದವು. 1932ರಲ್ಲಿ ಫೋರ್ಡ್ ಹೊರತಂದ ವಿ8 ಎಂಜಿನ್ (221 ಘನ ಇಂಚು, 65 ಅಶ್ವಶಕ್ತಿ) ಸಾಮಾನ್ಯನ ಕೈಗೆಟುಕಿದ ಮೊದಲ ಎಂಟು ಸಿಲಿಂಡರ್‌ಗಳ ವಿ ಎಂಜಿನ್ ಎನ್ನಬಹುದು. ಆ ವರ್ಷದ ಕಾರಿನ ಚಾಸಿಯ ಪಕ್ಕದ ಉಕ್ಕಿನ ಪಟ್ಟಿಗಳು ಹೊರಗೆ ಕಾಣುವಂತಿದ್ದು, ಅವುಗಳ ಮೇಲೆ ಕಾರ್ಖಾನೆಯಲ್ಲಿಯೇ ಒತ್ತಿದ ಅಂದದ ಗೆರೆಯೊಂದಿತ್ತು. ಮಡ್‌ಗಾರ್ಡ್ ಕಳಚಿದರೂ ಕಾರು ಬೋಳಾಗಿ ಕಾಣುತ್ತಿರಲಿಲ್ಲ. ಮಾಡೆಲ್ ಎ ಕಾರಿನ ಹಗುರವಾದ ಒಡಲನ್ನು 1932ರ ಚಾಸಿಯ ಮೇಲೆ ಕೂರಿಸುವ ರೂಢಿಗೆ ಈ ಅಂದವೂ ಒಂದು ಕಾರಣ.

ಮೇಲ್ಛಾವಣಿಯಿಲ್ಲದ ರೋಡ್‌ಸ್ಟರ್ ಹಗುರ. ಅಲ್ಲದೆ ಯುದ್ಧಪೂರ್ವದಲ್ಲಿಯೂ ನಂತರದ ಕೆಲವು ವರ್ಷಗಳಲ್ಲಿಯೂ ಸಂಘದ ಓಟಗಳಲ್ಲಿ ಮುಚ್ಚಿದ ಕಾರುಗಳಿಗೆ ಪ್ರವೇಶವಿರಲಿಲ್ಲ.

ರೂಪದ ಹಿಂದಿನ ಕಾರಣಗಳು

ಮಡ್‌ಗಾರ್ಡ್, ಬಂಪರ್, ಪಾದಹಲಗೆಗಳನ್ನು ತೆಗೆದದ್ದು ತೂಕವನ್ನೂ ಗಾಳಿಯ ತಡೆಯನ್ನೂ ತಗ್ಗಿಸಲು. ಮುಂಗಾಜನ್ನು ಕುಳ್ಳಗೆ ಕತ್ತರಿಸಿದ್ದು, ಒಡಲಿನ ತಳವನ್ನು ಕೊರೆದು ಚಾಸಿಯ ಮೇಲೆ ಇನ್ನಷ್ಟು ಕೆಳಗೆ ಇಳಿಸಿದ್ದು ಗಾಳಿಗೆ ಎದುರಾಗುವ ಮೈಯನ್ನು ಕಿರಿದಾಗಿಸಲು. ಮುಂದಿನ ಅಚ್ಚಿನ ಎರಡೂ ತುದಿಗಳನ್ನು ಕಾಯಿಸಿ ಮೇಲಕ್ಕೆ ಬಾಗಿಸಿದರೆ ಕಾರಿನ ಮೂತಿ ಕೆಳಗಿಳಿಯುತ್ತಿತ್ತು.

ಹಿಂದೆ ದೊಡ್ಡ ಟೈರು, ಮುಂದೆ ಚಿಕ್ಕ ಟೈರು ಹಾಕುವುದು ಹಾಟ್ ರಾಡ್‌ನ ಪ್ರಸಿದ್ಧ ಲಕ್ಷಣ. ಇದರ ಲೆಕ್ಕ ಸರಳವಾದುದು: ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಕ್ರಮಿಸುತ್ತದೆ, ಎಂಜಿನ್ ಅಷ್ಟೇ ವೇಗದಲ್ಲಿ ತಿರುಗಿದರೂ ಕಾರು ಹೆಚ್ಚು ವೇಗವಾಗಿ ಓಡುತ್ತದೆ. ಗೇರು ಬದಲಿಸುವುದಕ್ಕಿಂತ ಟೈರು ಬದಲಿಸುವುದು ಅಗ್ಗವಾಗಿತ್ತು.

ಫೋರ್ಡ್ ವಿ8 ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರ್‌ಗಳ ಮಗ್ಗುಲಲ್ಲಿದ್ದು, ಹೊಗೆ ಹೊರಹೋಗುವ ಮಾರ್ಗವು ಎಂಜಿನ್ನಿನ ಒಡಲೊಳಗಿಂದಲೇ ಹಾದುಹೋಗುತ್ತಿತ್ತು. ಆದ್ದರಿಂದ ಅದು ಬೇಗನೆ ಬಿಸಿಯಾಗುತ್ತಿತ್ತು. ಬಾನೆಟ್‌ನಲ್ಲಿ ಸಾಲುಸಾಲಾಗಿ ಕೊರೆದ ಸೀಳುಗಳು, ಕೆಲವೊಮ್ಮೆ ಬಾನೆಟ್‌ನ ಪಕ್ಕದ ತಗಡುಗಳನ್ನೇ ತೆಗೆದುಬಿಡುತ್ತಿದ್ದುದು ಬಿಸಿಗಾಳಿ ಹೊರಹೋಗಲಿ ಎಂಬ ಉದ್ದೇಶದಿಂದ. ಎಂಜಿನ್ನಿನ ಮೇಲೆ ಎದ್ದುಕಾಣುವ ಎರಡು ಅಥವಾ ಮೂರು ಸ್ಟ್ರಾಮ್‌ಬರ್ಗ್ 97 ಕಾರ್ಬ್ಯುರೇಟರ್‌ಗಳು ಹೆಚ್ಚು ಇಂಧನ ಮತ್ತು ಗಾಳಿಯನ್ನು ಒದಗಿಸುತ್ತಿದ್ದವು.

ಬಿಡಿಭಾಗಗಳ ಆಯ್ಕೆಯಲ್ಲಿ ಹಣದ ಕೊರತೆಯ ಪಾತ್ರ ದೊಡ್ಡದು. ಫೋರ್ಡ್ 1939ರಲ್ಲಿ ಹೈಡ್ರಾಲಿಕ್ ಬ್ರೇಕ್ ಅಳವಡಿಸಿದ ಮೇಲೆ, ಗುಜರಿಗೆ ಬಂದ ಆ ಕಾರುಗಳ ಬ್ರೇಕುಗಳನ್ನು ಹಳೆಯ ಕಾರುಗಳಿಗೆ ಜೋಡಿಸಲಾಯಿತು. ಅದೇ ವರ್ಷದ ಕಣ್ಣೀರ ಹನಿಯಾಕಾರದ ಹಿಂದೀಪಗಳೂ ಹಾಟ್ ರಾಡ್‌ಗಳಿಗೆ ಬಂದವು.

ಎಷ್ಟೋ ಕಾರುಗಳು ವಾರವಿಡೀ ಮಾಲೀಕನನ್ನು ಕೆಲಸಕ್ಕೆ ಒಯ್ಯುವ ವಾಹನಗಳೂ ಆಗಿದ್ದವು. ಸರೋವರಕ್ಕೆ ರಸ್ತೆಯ ಮೇಲೆ ಓಡಿಸಿಕೊಂಡು ಹೋಗಿ, ಅಲ್ಲಿ ದೀಪ, ಮುಂಗಾಜುಗಳನ್ನು ಬಿಚ್ಚಿ, ಓಟ ಮುಗಿದ ಮೇಲೆ ಮತ್ತೆ ಜೋಡಿಸಿಕೊಂಡು ಮನೆಗೆ ಮರಳಬೇಕಿತ್ತು. ಸುಲಭವಾಗಿ ಕಳಚಬಹುದಾದ ಜೋಡಣೆಗಳು ಈ ಕಾರುಗಳಲ್ಲಿ ಕಾಣುವುದು ಇದರಿಂದಲೇ.

ಕಾಲನಿಷ್ಠತೆಯ ಪ್ರಶ್ನೆ

ಒಂದು ನಿರ್ದಿಷ್ಟ ವರ್ಷವನ್ನು ಆರಿಸಿಕೊಂಡು, ಆ ವರ್ಷದ ನಂತರ ಬಂದ ಯಾವ ಭಾಗವನ್ನೂ ಬಳಸದೆ ಕಟ್ಟಿದ ಕಾರನ್ನು ಕಾಲನಿಷ್ಠ ಎನ್ನಬಹುದು. 1948ರ ರೂಪದ ಕಾರಿನಲ್ಲಿ 1955ರ ಮಾದರಿಯೊಡನೆ ಬಂದ ಷೆವ್ರೊಲೆ ವಿ8 ಎಂಜಿನ್, ರೇಡಿಯಲ್ ಟೈರು ಅಥವಾ ಡಿಸ್ಕ್ ಬ್ರೇಕ್ ಇದ್ದರೆ ಅದು ಸಲ್ಲದು.

ತುಕ್ಕು ಹಿಡಿದ ಒರಟು ಕಾರೇ ನಿಜವಾದ ಹಳೆಯ ಹಾಟ್ ರಾಡ್ ಎಂಬ ನಂಬಿಕೆ ಇಂದು ವ್ಯಾಪಕವಾಗಿದೆ, ಇದು ತಪ್ಪು. ರ್‍ಯಾಟ್ ರಾಡ್ ಎಂಬ ಈ ಶೈಲಿ ದಶಕಗಳ ನಂತರದ್ದು. ಪ್ರೈಮರ್ ಮಾತ್ರ ಬಳಿದ ಕಾರುಗಳು ಆಗಲೂ ಇದ್ದವು, ಆದರೆ ಅವು ಸಾಮಾನ್ಯವಾಗಿ ಬಣ್ಣದ ಹಣಕ್ಕಾಗಿ ಕಾಯುತ್ತಿದ್ದ ಅಪೂರ್ಣ ಕಾರುಗಳು. 1948ರ ಜನವರಿಯಲ್ಲಿ ಆರಂಭವಾದ ಹಾಟ್ ರಾಡ್ ಪತ್ರಿಕೆಯ ಆ ಕಾಲದ ಚಿತ್ರಗಳಲ್ಲಿ ನುಣುಪಾದ ಬಣ್ಣ, ಅಚ್ಚುಕಟ್ಟಾದ ಹೊಲಿಗೆಯ ಆಸನಗಳು ಧಾರಾಳವಾಗಿ ಕಾಣುತ್ತವೆ. 1950ರಲ್ಲಿ ಓಕ್‌ಲ್ಯಾಂಡ್ ಪ್ರದರ್ಶನದಲ್ಲಿ ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್ ಎಂಬ ಪ್ರಶಸ್ತಿ ಪಡೆದ ಬಿಲ್ ನೀಕ್ಯಾಂಪ್ ಅವರ 1929ರ ಫೋರ್ಡ್, ಎಲ್ ಮಿರಾಜ್‌ನಲ್ಲಿಯೂ ಓಡಿದ ಕಾರು.

ಡೋನ್ ಸ್ಪೆನ್ಸರ್ ಅವರ 1932ರ ರೋಡ್‌ಸ್ಟರ್ ಈ ಪರಂಪರೆಯ ಪ್ರಸಿದ್ಧ ಉದಾಹರಣೆ. ಪುನಃಸ್ಥಾಪನೆಗೊಂಡ ಈ ಕಾರು 1997ರಲ್ಲಿ ಪೆಬಲ್ ಬೀಚ್‌ನ ಪ್ರತಿಷ್ಠಿತ ಪ್ರದರ್ಶನದಲ್ಲಿ ಹಾಟ್ ರಾಡ್‌ಗಳಿಗೆಂದೇ ಮೊದಲ ಬಾರಿ ತೆರೆದ ವಿಭಾಗದಲ್ಲಿ ಪ್ರಥಮ ಸ್ಥಾನ ಪಡೆಯಿತು. ಸ್ಪೆನ್ಸರ್ ಮೆಕ್ಸಿಕೊದ ಕರೇರಾ ಪಾನಮೆರಿಕಾನಾ ರಸ್ತೆ ಓಟಕ್ಕೆಂದು ಇದನ್ನು ಮಾರ್ಪಡಿಸಿ, ಒರಟು ದಾರಿಯಲ್ಲಿ ನೆಲಕ್ಕೆ ತಾಗದಂತೆ ಹೊಗೆಕೊಳವೆಗಳನ್ನು ಮೇಲಕ್ಕೆತ್ತಿ ಚಾಸಿಯೊಳಗಿನಿಂದ ಹಾಯಿಸಿದ್ದರು. ಆ ಓಟ 1954ರ ಬಳಿಕ ನಿಂತುಹೋಯಿತು, ಕಾರು ಅದರಲ್ಲಿ ಭಾಗವಹಿಸಲೇ ಇಲ್ಲ. ಆದರೂ ನಂತರದ ಅನೇಕ ಹಾಟ್ ರಾಡ್‌ಗಳು ಅದರ ರೂಪವನ್ನು ಅನುಕರಿಸಿವೆ.