ದಪ್ಪ ಗೋಡೆಯ ಮೇಲೆ ಸುಳ್ಳು ಅಪವಾದ

"ಅಜ್ಜನ ಕಾಲದ ಮನಿ, ಮೊಳ ದಪ್ಪ ಗ್ವಾಡಿ. ಒಳಗ ರೇಂಜ್ ಹೆಂಗ ಬರತೈತಿ?" ಕಣಗಲಾ, ಸಂಕೇಶ್ವರದ ಕಡೆ ಫೋನ್ ಹಿಡಿದು ಪಡಸಾಲೆಯಿಂದ ಕಟ್ಟೆಗೆ ಬರುವವರು ಹೇಳುವ ಮಾತಿದು. ಅರ್ಧ ನಿಜ. ದಪ್ಪ ಹೆಚ್ಚಿದಷ್ಟೂ ಸಿಗ್ನಲ್ ಸೊರಗುತ್ತದೆ. ಆದರೆ ಗೋಡೆ ಯಾವುದರದ್ದು, ಅದರಲ್ಲಿ ನೀರೆಷ್ಟಿದೆ ಅನ್ನುವುದು ದಪ್ಪಕ್ಕಿಂತ ದೊಡ್ಡ ಮಾತು. ಒಣಗಿದ ಮಣ್ಣಿನ ಗೋಡೆಯನ್ನು ಹೇಗೋ ದಾಟುವ ಅಲೆ, ಅರ್ಧ ಮಿಲಿಮೀಟರ್ ತಗಡಿನ ಮುಂದೆ ನಿಂತೇಬಿಡುತ್ತದೆ. ಲೋಹದೊಳಗೆ ಅದು ಇಳಿಯುವುದು ಕೆಲವೇ ಮೈಕ್ರಾನ್. ಉಳಿದದ್ದು ಪುಟಿದು ವಾಪಸ್.

ಹಾಗಾದರೆ ಪತ್ರಾಸಿನ ಮನೆಯಲ್ಲಿ ಫೋನ್ ನಡೆಯುವುದು ಹೇಗೆ? ಟವರಿನ ಸಿಗ್ನಲ್ ಮಳೆಯಂತೆ ಮೇಲಿಂದ ಸುರಿಯುವುದಿಲ್ಲ, ಹೆಚ್ಚೂಕಡಿಮೆ ಅಡ್ಡಲಾಗಿ ಬರುತ್ತದೆ. ಮೇಲೆ ಪತ್ರಾಸಿದ್ದರೂ ಬದಿಗೆ ಇಟ್ಟಂಗಿ ಗೋಡೆ, ಕಿಟಕಿ ಇದ್ದರೆ ದಾರಿ ಸಿಗುತ್ತದೆ. ನಾಲ್ಕೂ ಕಡೆ ತಗಡು ಬಡಿದು ಶಟರ್ ಎಳೆದ ಅಂಗಡಿಯಲ್ಲಿ ಕರೆ ಕಡಿಯುತ್ತದೆ. ಶಟರ್ ಅರ್ಧ ಎತ್ತಿ ನೋಡಿ, ಕಡ್ಡಿಗಳು ಏರುತ್ತವೆ. ಸಿಮೆಂಟ್ ಶೀಟಿಗೆ ಈ ಗುಣವಿಲ್ಲ, ಅಲೆಯನ್ನು ಬಹುಪಾಲು ಬಿಟ್ಟುಕೊಡುತ್ತದೆ.

ಮಳೆಗಾಲದಲ್ಲಿ ಮೋಡವನ್ನು ಬಯ್ಯುವವರೂ ಇದ್ದಾರೆ. 700ರಿಂದ 3500 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಗಳಿಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ನೀರು ಕುಡಿದ ಗೋಡೆಯ ಕತೆ ಬೇರೆ. ಆಷಾಢದ ಜಿಟಿಜಿಟಿಗೆ ನೆಂದ ಮಣ್ಣು, ಇನ್ನೂ ಆರದ ಹೊಸ ಕಾಂಕ್ರೀಟು ಅಲೆಯನ್ನು ಹೀರುತ್ತವೆ. ಅದೇ ಗೋಡೆ ಬೇಸಿಗೆಯಲ್ಲಿ ಉದಾರಿ.

ಇನ್ನು ಸ್ಲ್ಯಾಬು. ಕಬ್ಬಿಣದ ಸರಳು ಹಾಕಿದ್ದಕ್ಕೇ ಮೇಲಿನ ಕೋಣೆಗೆ ವೈಫೈ ಹೋಗುವುದಿಲ್ಲ ಎಂಬ ನಂಬಿಕೆ. ಸರಳುಗಳ ನಡುವಿನ ಸಂದು ಸಾಮಾನ್ಯವಾಗಿ 15 ಸೆಂ.ಮೀ. ಆಸುಪಾಸು. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ 12.5 ಸೆಂ.ಮೀ., 5 ಗಿಗಾಹರ್ಟ್ಸ್‌ನದು ಸುಮಾರು 6. ಎರಡಕ್ಕೂ ನುಸುಳಲು ಜಾಗವಿದೆ. ಇಲ್ಲಿ ಹೆಚ್ಚಿನ ತಪ್ಪು ಕಾಂಕ್ರೀಟಿನದೇ, ಅದರಲ್ಲೂ 5 ಗಿಗಾಹರ್ಟ್ಸ್‌ಗೆ. ಆ ಸರಳಿನ ಜಾಲ ನಿಜವಾಗಿ ಕಾಡುವುದು 43 ಸೆಂ.ಮೀ. ಉದ್ದದ 700 ಮೆಗಾಹರ್ಟ್ಸ್ ಮೊಬೈಲ್ ಅಲೆಯನ್ನು.

ಗಾಜು ಪಾರದರ್ಶಕ ಅಂತ ಅದನ್ನೂ ನಂಬಬೇಡಿ. ಬಿಸಿಲು ತಡೆಯಲು ಲೋಹದ ತೆಳು ಲೇಪ ಕೊಟ್ಟ ಗಾಜು, ಕಣ್ಣಿಗೆ ಕಾಣದ ತಗಡು.

ರೇಂಜಿಗೆಂದು ಆನ್‌ಲೈನಿನಲ್ಲಿ ಬೂಸ್ಟರ್ ತರಿಸುವುದು ಈಗಿನ ಚಟ. ಪರವಾನಗಿಯಿಲ್ಲದೆ ಹಾಕಿದರೆ ಅಪರಾಧ, ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ. ಮನೆಗೆ ಫೈಬರ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಹಚ್ಚಿ. ರೂಟರನ್ನು ಮಾತ್ರ ಸ್ಟೀಲ್ ತಿಜೋರಿಯ ಹಿಂದೆ ಇಡಬೇಡಿ.