ಸಂತೆಯಲ್ಲಿ ಕೂರುವ ಮುನ್ನ

ಮನೆಯಲ್ಲಿ ಮಾಡಿದ ಹಪ್ಪಳ, ಉಪ್ಪಿನಕಾಯಿ ನೆರೆಹೊರೆಯವರಿಗೆ ಹಿಡಿಸಿತೆಂದರೆ, ಸಂತೆಯಲ್ಲೂ ಮಾರಿ ನಾಲ್ಕು ಕಾಸು ನೋಡಬಾರದೇಕೆ ಅಂತ ನಮ್ಮ ಕವಲಂದೆ ಕಡೆಯ ಹೆಂಗಸರಿಗೂ ಅನ್ನಿಸುತ್ತೆ. ಒಳ್ಳೆಯದೇ. ಆದರೆ ಸೋದರಿಯರೇ, ಸಂತೆಯಲ್ಲಿ ಎಲ್ಲರಿಗೂ ಒಂದೇ ಕಟ್ಟಳೆಯಲ್ಲ.

ಸೊಪ್ಪು, ತರಕಾರಿ: ಸ್ವಂತ ಹೊಲದಲ್ಲಿ ಬೆಳೆದದ್ದನ್ನು ತರುವ ರೈತರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ.

ತಿಂಡಿ, ಹಪ್ಪಳ, ಉಪ್ಪಿನಕಾಯಿ: ಬುಟ್ಟಿ ಎಷ್ಟೇ ಚಿಕ್ಕದಿರಲಿ, ಇದೇ ಕಾಯ್ದೆಯಡಿ ನೋಂದಣಿ ಬೇಕು. ನೀರು ಶುದ್ಧವಾಗಿರಲಿ, ಪಾತ್ರೆಗೆ ಮುಚ್ಚಳವಿರಲಿ.

ತೂಗಿ ಕೊಡುವ ಸಾಮಾನು: ತೂಕ-ಅಳತೆ ಇಲಾಖೆಯ ಮುದ್ರೆ ಬೇಕು. ಕೈತಕ್ಕಡಿ, ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ. ಬಟ್ಟಿನ ಬದಲು ಕಲ್ಲಿಟ್ಟು ತೂಗುವ ಹಾಗಿಲ್ಲ.

ಇನ್ನು ಕೂರುವ ಜಾಗದ ಮಾತು. ಹಳ್ಳಿ ಸಂತೆಯ ಸುಂಕ ಗ್ರಾಮ ಪಂಚಾಯಿತಿಗೆ ಸೇರಿದ್ದು. ಕೆಲವೆಡೆ ವಸೂಲಿಯನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಟ್ಟಿರುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು? ಪಂಚಾಯಿತಿ ಗೊತ್ತುಮಾಡಿದ ದರ ಎಷ್ಟೆಂದು ಮೊದಲೇ ವಿಚಾರಿಸಿ, ಅಷ್ಟೇ ಕೊಡಿ, ರಸೀದಿ ಕೇಳಿ ಪಡೆಯಿರಿ.

ನಂಜನಗೂಡಿನಂಥ ಪಟ್ಟಣದ ಬೀದಿಯಲ್ಲಿ ಕೂರುವುದಾದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಅದರಂತೆ ಊರಿನ ಆಡಳಿತದಿಂದ ವ್ಯಾಪಾರದ ಪ್ರಮಾಣಪತ್ರ ಪಡೆಯಬೇಕು. 30 ದಿನ ಮೊದಲೇ ನೋಟಿಸು ಕೊಡದೆ ನಿಮ್ಮನ್ನು ಎಬ್ಬಿಸುವಂತಿಲ್ಲ. ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಕಡೆಯ ಸದಸ್ಯರಲ್ಲಿ ಮೂರನೇ ಒಂದು ಪಾಲು ಹೆಂಗಸರೇ ಇರಬೇಕು. ಅಲ್ಲಿ ಸುಮ್ಮನೆ ಕೂರಬೇಡಿ, ಬಾಯಿಬಿಟ್ಟು ಮಾತಾಡಿ.

ನೋಂದಣಿ ಚೀಟಿಯ ಒಂದು ಪ್ರತಿ ಬುಟ್ಟಿಯಲ್ಲೂ ಸುಂಕದ ರಸೀದಿ ಸೆರಗಿನ ಗಂಟಿನಲ್ಲೂ ಇರಲಿ. ಇಡೀ ದಿನ ಬಿಸಿಲಲ್ಲಿ ಕೂತು ದುಡಿದದ್ದು ಎರಡೆರಡು ಸಲ ಸುಂಕ ಕಟ್ಟಿಯೇ ಕರಗಿಹೋಗಬಾರದಲ್ಲ!